ಹಾರನ್‌ಗೆ ಹೋಗಬೇಡಿ ಎಂದ ಬೇಸಿಗೆ

ಕಳೆದ ವಾರ ನಮ್ಮ ಹಳೆಯ ಬಡಾವಣೆ ಸೆಗಯಾಕ್ಕೆ ಹೋಗಿದ್ದೆ. ಜಿಂಜ್‌ಗೆ ಮನೆ ಬದಲಾಯಿಸಿದ ಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ಹಳೆಯ ದರ್ಜಿಯ ಹತ್ತಿರ ನನ್ನ ಎರಡು ರವಿಕೆ ಉಳಿದುಹೋಗಿದ್ದವು. ಅವನ್ನು ತೆಗೆದುಕೊಂಡು ಓಣಿಯ ತಿರುವಿಗೆ ಬಂದಾಗ ಹಿಂದೆ ಒಂದು ಕಾರು ನಿಂತು ಎರಡು ಸಲ ಚಿಕ್ಕದಾಗಿ ಹಾರನ್ ಹೊಡೆಯಿತು. ಪಕ್ಕದ ಕೋಲ್ಡ್ ಸ್ಟೋರಿನಿಂದ ಒಬ್ಬ ಓಡಿ ಬಂದ. ಕಾರಿನ ಗಾಜು ಎರಡು ಇಂಚು ಇಳಿಯಿತು. ಆತ ಬಗ್ಗಿ ಕೇಳಿಸಿಕೊಂಡು ಒಳಗೆ ಹೋಗಿ ಒಂದು ಬಾಟಲಿ ಮಜ್ಜಿಗೆ, ಒಂದು ಪ್ಯಾಕೆಟ್ ಕುಬ್ಬೂಸ್ ರೊಟ್ಟಿ ತಂದುಕೊಟ್ಟ. ಕಾರು ಹೊರಟುಹೋಯಿತು. ನಾನು ಮಾತ್ರ ಗೋಡೆ ಹಿಡಿದುಕೊಂಡು ನಿಂತೇ ಇದ್ದೆ.

ಬಹರೈನ್‌ನಲ್ಲಿ ಇದನ್ನು ಯಾರೂ ತಿರುಗಿ ನೋಡುವುದಿಲ್ಲ. ಓಣಿಗೊಂದು ಕೋಲ್ಡ್ ಸ್ಟೋರ್ ಇರುತ್ತದೆ. ನಮ್ಮೂರಿನ ಗೂಡಂಗಡಿಗಿಂತ ಸ್ವಲ್ಪ ದೊಡ್ಡದು. ಹಾಲು, ಮೊಟ್ಟೆ, ಬ್ರೆಡ್ಡು, ಸಿಗರೇಟು ಎಲ್ಲ ಸಿಗುತ್ತದೆ. ಕೊಳ್ಳುವವರು ಕಾರಿನಿಂದ ಇಳಿಯಬೇಕಾಗಿಲ್ಲ. ಹಾರನ್ ಹೊಡೆದರೆ ಅಂಗಡಿಯೇ ಕಾರಿನ ಬಳಿಗೆ ಬರುತ್ತದೆ. ಹೊಸದಾಗಿ ಬಂದಾಗ ನನಗೆ ಇದನ್ನು ನೋಡಿ ನಗು ಬರುತ್ತಿತ್ತು. ಆಮೇಲೆ ಸಿಟ್ಟು ಬರತೊಡಗಿತು. ಈಗ ಓಡಿ ಬಂದವನು ಕಾರನ್ನು ಮುಟ್ಟುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ.

ನಾನು ಇಲ್ಲಿನ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನನ್ನನ್ನು ಇಲ್ಲಿಗೆ ಕರೆಸಿಕೊಂಡವನು ಅಣ್ಣ ಜಗದೀಶ. ಸೆಗಯಾದಲ್ಲಿದ್ದ ಅವನ ಫ್ಲ್ಯಾಟಿನ ಒಂದು ಕೋಣೆ ನನ್ನದಾಗಿತ್ತು. ಉಳಿದದ್ದು ಅವನು, ಶೈಲತ್ತಿಗೆ ಮತ್ತು ಇಬ್ಬರು ಮಕ್ಕಳದ್ದು. ಅಣ್ಣ ಸರಕು ಸಾಗಣೆಯ ಕಂಪನಿಯೊಂದರಲ್ಲಿ ಮ್ಯಾನೇಜರ್. ಊರಿನ ಸಾಮಾನನ್ನೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕದಲಿಸುವವನು, ತಾನು ಮಾತ್ರ ಕುರ್ಚಿಯಿಂದ ಕದಲುತ್ತಿರಲಿಲ್ಲ. ಮನೆಯಿಂದ ಲಿಫ್ಟು, ಲಿಫ್ಟಿನಿಂದ ಕಾರು, ಕಾರಿನಿಂದ ಆಫೀಸಿನ ಲಿಫ್ಟು, ಅಲ್ಲಿಂದ ಮತ್ತೆ ಕುರ್ಚಿ. ಸಂಜೆ ಓಣಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಎರಡು ಸಲ ಹಾರನ್ ಹೊಡೆದರೆ ಕೋಲ್ಡ್ ಸ್ಟೋರಿನ ಹಮೀದಾಕ ಅವನ ಪೆಪ್ಸಿ, ಹುರಿದ ಗೋಡಂಬಿ, ಸಿಗರೇಟು ಹಿಡಿದು ಬರುತ್ತಿದ್ದರು. ಅಂಗಡಿಯಿಂದ ಆ ತಿರುವಿಗೆ ಇಪ್ಪತ್ತು ಹೆಜ್ಜೆ. ಒಂದು ದಿನ ಹಟಕ್ಕೆ ಎಣಿಸಿದ್ದೇನೆ.

ನಾನು ಹಾಗಲ್ಲ. ಕಾಲೇಜಿನಲ್ಲಿ ಎಂಟುನೂರು ಮೀಟರ್ ಓಡುತ್ತಿದ್ದವಳು. ಇಲ್ಲಿ ಬೇಸಿಗೆಯಲ್ಲೂ ಬೆಳಕು ಹರಿಯುವ ಮೊದಲೇ ಎದ್ದು ಕಡಲಿನವರೆಗೆ ನಡೆದು, ನೀರಿಗೆ ಬಿದ್ದವಳ ಹಾಗೆ ತೊಯ್ದು ಮನೆಗೆ ಬರುತ್ತಿದ್ದೆ. ಬರುವಾಗ ಅಣ್ಣ ಸೋಫಾದಲ್ಲಿ ಫೋನ್ ನೋಡುತ್ತಾ ಒರಗಿರುತ್ತಿದ್ದ. ನನಗೆ ಅವನ ಮೇಲೆ ಒಂದು ಬಗೆಯ ತಾತ್ಸಾರವಿತ್ತು ಎಂದು ಈಗ ಒಪ್ಪಿಕೊಳ್ಳಬೇಕು. ಅದನ್ನು ಕಾಳಜಿ ಎಂದು ಕರೆದುಕೊಳ್ಳುತ್ತಿದ್ದೆ.

ಆ ವರ್ಷ ಮೇ ತಿಂಗಳ ಒಂದು ಶುಕ್ರವಾರ ಊರಿನವರ ಸಂಘದ ಹಾಲಿನಲ್ಲಿ ಆರೋಗ್ಯದ ಬಗ್ಗೆ ಉಪನ್ಯಾಸವಿತ್ತು. ಡಾಕ್ಟರೊಬ್ಬರು ಪರದೆಯ ಮೇಲೆ ಚಿತ್ರ ತೋರಿಸುತ್ತಾ, ಕೆಲವರು ವ್ಯಾಯಾಮವನ್ನು ಇಷ್ಟಪಡುವುದು, ಕೆಲವರು ಕುಳಿತೇ ಇರುವುದು, ಇದರಲ್ಲಿ ಹುಟ್ಟಿನಿಂದ ಬಂದದ್ದರ ಪಾಲೂ ಇದೆ, ಬದುಕುವ ಜಾಗದ ಪಾಲೂ ಇದೆ ಎಂದು ವಿವರಿಸಿದರು. ಎರಡು ಗಂಟೆ ನಾವೆಲ್ಲ ಕುರ್ಚಿಗೆ ಅಂಟಿಕೊಂಡೇ ಅದನ್ನು ಕೇಳಿದೆವು. ಊಟದ ತಟ್ಟೆಗಳೂ ಕುಳಿತಲ್ಲಿಗೇ ಬಂದವು. ಅಪ್ಪ ಅಮ್ಮಂದಿರು ಚಿಕ್ಕ ವಯಸ್ಸಿನಲ್ಲಿ ಎದೆನೋವಿನಿಂದ ಹೋಗಿದ್ದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಒಂದು ಮಾತು ಆ ಡಾಕ್ಟರ ಬಾಯಿಂದ ಬರಲಿಲ್ಲ. ಬಂದಿದ್ದರೆ ಎಂದು ಎಷ್ಟು ಸಲ ಹಲ್ಲು ಕಚ್ಚಿದ್ದೇನೋ!

ಅಣ್ಣನಿಗೆ ಮಾತ್ರ ಅಂದು ಹಬ್ಬ.

“ಕೇಳಿದ್ಯಾ ಟೀಚರಮ್ಮ? ಜೀನಂತೆ. ಇನ್ನು ನಾನೆಂತ ಮಾಡ್ಲಿಕ್ಕುಂಟು?”

“ಒಂದು ಪಾಲು ಜೀನು ಅಂದ್ರು. ಇನ್ನೊಂದು ಪಾಲು ಹೇಳುವಾಗ ನೀನು ಬಿರಿಯಾನಿ ಪಾತ್ರೆ ನೋಡ್ತಾ ಇದ್ದಿ.”

“ಬಿರಿಯಾನಿ ನೋಡ್ಲಿಕ್ಕೂ ಜೀನು ಬೇಕು ಮಾರಾಯ್ತಿ. ಅಪ್ಪಂದು ಪೂರಾ ನನಗೆ ಬಂದದ್ದು. ನಿನಗೆ ಬಂದದ್ದು ಅಮ್ಮನ ಬಾಯಿ ಮಾತ್ರ.”

ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ನಮ್ಮಪ್ಪ ಕಾರ್ಕಳದಲ್ಲಿ ಸೊಸೈಟಿಯ ಗುಮಾಸ್ತರಾಗಿದ್ದರು. ನಲವತ್ತೆಂಟನೆಯ ವಯಸ್ಸಿನಲ್ಲಿ, ಕುಳಿತ ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ಹೋಗಿಬಿಟ್ಟರು. ಯಾರಿಗೂ ತೊಂದರೆ ಕೊಡದೆ ಹೋದರು, ಪುಣ್ಯವಂತರು ಎಂದರು ಊರಿನವರು. ಯಾಕೆ ಹೋದರು ಎಂದು ಒಬ್ಬರೂ ಕೇಳಲಿಲ್ಲ. ಅಣ್ಣನಿಗೆ ಆಗ ನಲವತ್ತನಾಲ್ಕು ನಡೆಯುತ್ತಿತ್ತು. ಅಪ್ಪನ ಆ ಕುರ್ಚಿಯನ್ನು ಇವನು ಆಸ್ತಿಯ ಹಾಗೆ ಪಡೆದುಕೊಂಡಿದ್ದಾನೆ, ಅದರಿಂದ ಇವನನ್ನು ಎಬ್ಬಿಸದಿದ್ದರೆ ಇವನೂ ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿಬಿಟ್ಟಿತ್ತು.

ಜೂನ್ ನಡುವಿಗೆ ಶಾಲೆಗೆ ರಜೆ ಬಂತು. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟರು. ವಿಮಾನ ನಿಲ್ದಾಣದಲ್ಲಿ ನನ್ನ ಕೈ ಹಿಡಿದು, “ಇವರನ್ನು ಸ್ವಲ್ಪ ನೋಡ್ಕೊ ವೀಣಾ. ನನ್ನ ಮಾತು ಕೇಳುದಿಲ್ಲ, ನಿನಗಾದ್ರೂ ಹೆದರ್ತಾರೆ” ಎಂದರು.

ನೋಡಿಕೊಳ್ಳುವ ಕೆಲಸವನ್ನು ನಾನು ಪಾಠದ ಹಾಗೆ ಯೋಜಿಸಿದೆ. ಜೀನನ್ನು ಬದಲಿಸಲು ನನ್ನಿಂದಾಗದು, ಜಾಗವನ್ನು ಬದಲಿಸಬಹುದಲ್ಲ? ಆದರೆ ಆ ಜಾಗವಾದರೂ ಎಂಥದ್ದು! ಸೆಗಯಾದ ಫುಟ್‌ಪಾತಿನ ಮೇಲೆಲ್ಲ ಕಾರುಗಳು. ಒಂದು ಮರದ ನೆರಳಿಲ್ಲ. ಎರಡೂ ಬದಿಯ ಎಸಿಗಳು ಬಿಸಿ ಗಾಳಿಯನ್ನು ಮುಖಕ್ಕೆ ಊದುತ್ತವೆ, ತಲೆಯ ಮೇಲೆ ನೀರು ತೊಟ್ಟಿಕ್ಕುತ್ತವೆ. ಹೊರಗೆ ದುಡಿಯುವವರಿಗೇ ಮಧ್ಯಾಹ್ನ ಕೆಲಸ ಮಾಡಬಾರದು ಎಂಬ ನಿಯಮವಿರುವ ಬೇಸಿಗೆ ಅದು. ಹತ್ತು ಗಂಟೆ ಕೂರಿಸಿ ಕಳಿಸುವ ಕಂಪನಿ, ನಡೆಯುವವನಿಗೆ ದಾರಿ ಬಿಡದ ಓಣಿ, ಹಾರನ್ನಿಗೆ ಓಡಿ ಬರುವ ಅಂಗಡಿ, ಇವೆಲ್ಲದರ ನಡುವೆ ಕುಳಿತವನನ್ನು ಮಾತ್ರ ಸೋಮಾರಿ ಎನ್ನುತ್ತೇವೆ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು. ಆದರೆ ನನ್ನ ಕೈಗೆ ಸಿಗುತ್ತಿದ್ದದ್ದು ಆ ಇಪ್ಪತ್ತು ಹೆಜ್ಜೆ ಮಾತ್ರ.

ಹಮೀದಾಕ ಉಳ್ಳಾಲದವರು. ಅಂಗಡಿ ನಮ್ಮ ಕಟ್ಟಡದ ಎದುರಿಗೇ ಇತ್ತು. ಎರಡನೇ ಮಹಡಿಯ ನಮ್ಮ ಕಿಟಕಿಯಿಂದ ಅವರ ನೆತ್ತಿ ಕಾಣುತ್ತಿತ್ತು. ಇಪ್ಪತ್ತು ವರ್ಷದಿಂದ ಆ ಕೌಂಟರಿನ ಹಿಂದೆ ನಿಂತವರು. ಒಂದು ಬೆಳಿಗ್ಗೆ ಹೋಗಿ ಹೇಳಿದೆ.

“ಹಮೀದಾಕ, ಇವತ್ತಿಂದ ಅಣ್ಣ ಹಾರನ್ ಹೊಡೆದ್ರೆ ಹೋಗ್ಬೇಡಿ. ಇಳ್ದು ಬರ್ಲಿ.”

“ಎಂತ ಟೀಚರೇ, ಗಿರಾಕಿ ಕರೆದ್ರೆ ಹೋಗ್ದೆ ಇರ್ಲಿಕ್ಕಾಗ್ತದಾ? ವೀಸಾ ಕೊಟ್ಟ ಕಫೀಲ್‌ಗೆ ಗೊತ್ತಾದ್ರೆ ನನ್ನನ್ನೇ ಉಳ್ಳಾಲಕ್ಕೆ ಪಾರ್ಸೆಲ್ ಮಾಡ್ತಾನೆ.”

“ಅವನ ಒಳ್ಳೇದಕ್ಕೇ. ನಮ್ಮಪ್ಪ ಹೇಗೆ ಹೋದದ್ದು ಹೇಳಿದ್ದೇನಲ್ಲ.”

ಹಮೀದಾಕ ತಲೆ ಕೆರೆದುಕೊಂಡರು. “ಪಾಪ, ಸುಸ್ತಾಗಿ ಬರ್ತಾರೆ. ನಾನು ನಾಲ್ಕು ಹೆಜ್ಜೆ ಓಡಿದ್ರೆ ನನಗೆ ನಷ್ಟ ಎಂತ?”

“ನೀವು ಓಡಿ ಓಡಿ ಅರುವತ್ತಕ್ಕೂ ಗಟ್ಟಿ ಇದ್ದೀರಿ. ಅವನ ನಡಿಗೆಯನ್ನೂ ನೀವೇ ನಡೆದರೆ ಅವನಿಗೆಂತ ಉಳೀತದೆ?”

ಆ ಮಾತು ಅವರಿಗೆ ಹಿಡಿಸಿತು. ನಕ್ಕರು. ಒಪ್ಪಿದರು. ಮಾತಿನಲ್ಲಿ ಗೆಲ್ಲುವ ಈ ನನ್ನ ಬುದ್ಧಿಯನ್ನು ಈಗ ಎಲ್ಲಿಯಾದರೂ ಎಸೆಯಲು ಸಾಧ್ಯವಿದ್ದರೆ!

ಮೊದಲ ಸಂಜೆ ಅಣ್ಣ ಹತ್ತು ಸಲ ಹಾರನ್ ಹೊಡೆದ. ಹಮೀದಾಕ ಬಾಗಿಲಲ್ಲಿ ನಿಂತು ಕಿವಿ ತೋರಿಸಿ, ಕೇಳಿಸುವುದಿಲ್ಲ ಎಂದು ಸನ್ನೆ ಮಾಡಿದರು. ಕೊನೆಗೆ ಅಣ್ಣ ಬಾಗಿಲು ಧಡಾರನೆ ಹಾಕಿ ಇಳಿದ. “ಎಂತ ಹಮೀದಾಕ, ಕಾಲಿಗೆ ಮದರಂಗಿ ಹಚ್ಚಿದ್ದೀರಾ?” ಎಂದು ಬೈದದ್ದು ಮೇಲಿನವರೆಗೆ ಕೇಳಿಸಿತು. ನಾನು ಕಿಟಕಿಯ ಪರದೆಯ ಹಿಂದೆ ಬಾಯಿ ಮುಚ್ಚಿಕೊಂಡು ನಕ್ಕೆ. ಎರಡು ವಾರದಲ್ಲಿ ಅವನು ಹಾರನ್ ಹೊಡೆಯುವುದನ್ನೇ ಬಿಟ್ಟ. ಇಳಿದು ಹೋಗಿ ಹಮೀದಾಕನ ಜೊತೆ ನಿಂತುಕೊಂಡೇ ಹರಟುತ್ತಿದ್ದ. ಜುಲೈ ಕೊನೆಗೆ ರಾತ್ರಿಯೂಟದ ನಂತರ ನನ್ನೊಡನೆ ಮೂರು ಓಣಿ ಸುತ್ತಿ ಬರುವಷ್ಟಾದ. ಏದುಸಿರು ಬಿಡುತ್ತಿದ್ದ, ನಿಲ್ಲುತ್ತಿದ್ದ, ಎದೆ ಉಜ್ಜಿಕೊಳ್ಳುತ್ತಿದ್ದ.

“ಗ್ಯಾಸು” ಎನ್ನುತ್ತಿದ್ದ.

“ಅಭ್ಯಾಸ ಇಲ್ಲದ್ದಕ್ಕೆ” ಎನ್ನುತ್ತಿದ್ದೆ ನಾನು.

ಹೃದಯದ ನಾಲ್ಕು ಕೋಣೆಗಳನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸುವವಳು ಹೇಳಿದ ಮಾತು ಅದು. ನಡೆಯುವಾಗ ಎದೆ ಉಜ್ಜಿಕೊಳ್ಳುವವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಎಂದು ತಿಳಿಯಲು ಎಂ.ಎಸ್ಸಿ. ಬೇಕೆ? ನನಗೆ ಕಾಣುತ್ತಿದ್ದದ್ದು ನನ್ನ ಗೆಲುವು ಮಾತ್ರ. ಅತ್ತಿಗೆಗೆ ಅವನು ನಡೆಯುವ ವಿಡಿಯೊ ಕಳಿಸುತ್ತಿದ್ದೆ.

ಆಗಸ್ಟ್ ಕೊನೆಯ ಒಂದು ಬುಧವಾರ. ಸಂಜೆ ಆರೂವರೆ. ಹೊರಗೆ ಗಾಳಿಯೇ ಬೆವರುವಂಥ ಸೆಕೆ. ಕಿಟಕಿಯ ಗಾಜಿನ ಹೊರಮೈಯಲ್ಲಿ ನೀರು ಇಳಿಯುತ್ತಿತ್ತು. ನಾನು ಚಹಾಕ್ಕೆ ನೀರಿಟ್ಟಿದ್ದೆ. ತಿರುವಿನಲ್ಲಿ ಎರಡು ಹಾರನ್ ಕೇಳಿಸಿತು. ಕಿಟಕಿಯ ಹತ್ತಿರ ಹೋಗಿ ಗಾಜು ಸರಿಸಿ ನೋಡಿದರೆ ಅಣ್ಣನ ಕಾರು, ದೀಪ ಉರಿಯುತ್ತಿದೆ, ಮೂತಿ ನಮ್ಮ ಕಟ್ಟಡದ ಕಡೆಗೆ. ಮತ್ತೆ ಎರಡು ಹಾರನ್. ಎರಡು ತಿಂಗಳ ನನ್ನ ಶ್ರಮವನ್ನು ಇವನು ಒಂದು ಸಂಜೆಯಲ್ಲಿ ಮಣ್ಣುಪಾಲು ಮಾಡುತ್ತಿದ್ದಾನೆ ಎಂದು ನನಗೆ ರೇಗಿತು. ಆಮೇಲೆ ಒಂದು ಉದ್ದನೆಯ ಹಾರನ್.

ಹಮೀದಾಕ ಅಂಗಡಿಯ ಬಾಗಿಲಿಗೆ ಬಂದರು. ಕಾರಿನ ಕಡೆ ನೋಡಿದರು. ಆಮೇಲೆ ತಲೆ ಎತ್ತಿ ನಮ್ಮ ಕಿಟಕಿಯನ್ನು ನೋಡಿ, ಹೋಗಲೇ ಎಂದು ಕೈಯಲ್ಲಿ ಕೇಳಿದರು.

ನಾನು ಕೈ ಎತ್ತಿ ಅಡ್ಡಡ್ಡ ಆಡಿಸಿದೆ. ಬೇಡ.

ಅವರು ಒಳಗೆ ಹೋದರು. ನಾನು ಚಹಾದ ಹತ್ತಿರ ಹೋದೆ. ಪುಡಿ ಹಾಕಿದೆ, ಹಾಲು ಹಾಕಿದೆ, ಉಕ್ಕುವವರೆಗೆ ಕಾದೆ, ಸೋಸಿದೆ. ಎರಡು ಲೋಟಕ್ಕೆ. ಅಷ್ಟರಲ್ಲಿ ಹಾರನ್ ನಿಂತಿತ್ತು. ಸೋತ, ಇಳಿದಿರಬೇಕು ಎಂದುಕೊಂಡೆ. ಒಂದು ಚಹಾ ಆಗಲು ಎಷ್ಟು ಹೊತ್ತು ಬೇಕು? ಆಮೇಲೆ ಗಡಿಯಾರ ಇಟ್ಟುಕೊಂಡು ಹಲವು ಸಲ ಚಹಾ ಮಾಡಿ ನೋಡಿದ್ದೇನೆ. ಹುಚ್ಚಿಯ ಹಾಗೆ.

ನನ್ನ ಮಾತು ಮೀರಿದವರು ಹಮೀದಾಕ. ಹಾರನ್ ನಿಂತದ್ದೇ ಅವರಿಗೆ ಸರಿ ಕಾಣಲಿಲ್ಲವಂತೆ. “ಟೀಚರೇ!” ಎಂದು ಕೆಳಗಿನಿಂದ ಬಂದ ಕೂಗಿಗೆ ನಾನು ಲಿಫ್ಟಿಗೂ ಕಾಯದೆ ಮೆಟ್ಟಿಲು ಇಳಿದೆ. ಅಣ್ಣ ಸೀಟಿನಲ್ಲಿ ಪಕ್ಕಕ್ಕೆ ವಾಲಿದ್ದ. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಅಂಗಿ ಹಿಂಡುವಷ್ಟು ಒದ್ದೆ. ಫೋನ್ ಹಿಂದಿನ ಸೀಟಿನ ಚೀಲದೊಳಗಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ನನ್ನ ಕಡೆ ಹೊರಳಿತು, ನಿಂತಿತು. ಹಮೀದಾಕ ಅವನನ್ನು ಕಾರಿನಿಂದ ಎಳೆದು, ಇನ್ನೂ ಕಾದಿದ್ದ ಡಾಂಬರಿನ ಮೇಲೆ ಮಲಗಿಸಿದರು.

ಹಿಂದೆ ಒಂದು ಕಾರು ನಿಂತಿತ್ತು. ಬಿಳಿಯ ನಿಲುವಂಗಿ ತೋಬ್ ಹಾಕಿದ ಬಹರೈನಿಯೊಬ್ಬ ಮಜ್ಜಿಗೆಗೆಂದೋ ಏನೋ ಹಾರನ್ ಹೊಡೆಯಲು ನಿಂತವನು. ಇಳಿದು ಓಡಿ ಬಂದ. ನನ್ನನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಎರಡೂ ಅಂಗೈ ಒಂದರ ಮೇಲೊಂದಿಟ್ಟು ಅಣ್ಣನ ಎದೆ ಒತ್ತತೊಡಗಿದ. ಹಮೀದಾಕ ಆ್ಯಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು. ಆತ ಅರಬ್ಬಿಯಲ್ಲಿ ಎಣಿಸುತ್ತಿದ್ದ, ಜೋರಾಗಿ, ಎಲ್ಲೂ ನಿಲ್ಲಿಸದೆ. ಅವನ ತೋಬಿನ ಬೆನ್ನು ಒದ್ದೆಯಾಗಿ ಮೈಗಂಟಿತು. ನನಗೆ ಏನೂ ಮಾಡಲು ಗೊತ್ತಿರಲಿಲ್ಲ. ಅಣ್ಣನ ಒಂದು ಚಪ್ಪಲಿ ಕಳಚಿತ್ತು, ಅದನ್ನು ಹಿಡಿದುಕೊಂಡು ನಿಂತಿದ್ದೆ. ಆ್ಯಂಬುಲೆನ್ಸ್ ಬಂತು, ಎದೆಗೆ ಶಾಕ್ ಕೊಟ್ಟರು, ಅವನ ಮೈ ಒಮ್ಮೆ ಎಗರಿ ಬಿತ್ತು. ಆ ಬಹರೈನಿಯ ಹೆಸರನ್ನು ಕೂಡ ನಾನು ಕೇಳಲಿಲ್ಲ.

ಬದುಕಿದ. ನಾಲ್ಕು ದಿನ ಏನೂ ಹೇಳಲಾಗದು ಎಂದರು, ಐದನೆಯ ದಿನ ಕಣ್ಣು ಬಿಟ್ಟ. ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿದೆ, ಅದು ಮರಳಿ ಬರುವುದಿಲ್ಲ. ಸ್ವಲ್ಪ ಬೇಗ ಬಂದಿದ್ದರೆ ಅಷ್ಟು ಹೋಗುತ್ತಿರಲಿಲ್ಲ ಎಂದರು ಹೃದಯದ ಡಾಕ್ಟರು, ಒಬ್ಬ ಬಹರೈನಿ ಹೆಂಗಸು. ಆಕೆ ಅದನ್ನು ಸುಮ್ಮನೆ ಹೇಳಿದ್ದು. ನಾನು ಅದನ್ನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ.

“ತಂದೆ ಇದ್ದಾರಾ?” ಎಂದು ಕೇಳಿದರು. ಹೋದದ್ದು ಹೇಗೆ, ಎಷ್ಟನೆಯ ವಯಸ್ಸಿಗೆ ಎಂದು ಹೇಳಿದಾಗ ಪೆನ್ನು ಕೆಳಗಿಟ್ಟರು. ಅಣ್ಣನ ಕೊಲೆಸ್ಟೆರಾಲ್ ಊಟದಿಂದ ಮಾತ್ರ ಬಂದದ್ದಲ್ಲವಂತೆ. ಹುಟ್ಟಿನಿಂದಲೇ ಅದು ರಕ್ತದಲ್ಲಿ ಏರಿರುವ ಮನೆತನಗಳಿವೆಯಂತೆ. ಬಹುಶಃ ನಮ್ಮದೂ ಹಾಗೆ. ನಡೆದರೆ ಒಳ್ಳೆಯದೇ, ಸಿಗರೇಟು ಬಿಡಲೇಬೇಕು, ಆದರೆ ಇದನ್ನು ತಗ್ಗಿಸಲು ನಡಿಗೆಯೊಂದೇ ಸಾಲದು, ಇಪ್ಪತ್ತರ ವಯಸ್ಸಿನಲ್ಲೇ ಗುಳಿಗೆ ಶುರು ಮಾಡಬೇಕಿತ್ತು ಎಂದರು. ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು.

ನನಗೆ ಯಾರ ಮೇಲೆ ಸಿಟ್ಟು ಬರಲಿಲ್ಲ ಎಂದು ಕೇಳಿ. ಅಪ್ಪನ ಸಾವನ್ನು ಪುಣ್ಯ ಎಂದು ಕರೆದು ಕೈತೊಳೆದುಕೊಂಡ ಊರಿನ ಮೇಲೆ. ಅಪ್ಪನ ಜೀನು ಎಂದು ಜೋಕು ಮಾಡುತ್ತಾ ಒಂದು ರಕ್ತ ಪರೀಕ್ಷೆಗೆ ತೋಳು ಚಾಚದ ಅಣ್ಣನ ಮೇಲೆ. ಊರಿನಿಂದ ಚಿಕ್ಕಮ್ಮ ವಾಟ್ಸಾಪಿನಲ್ಲಿ ಧ್ವನಿ ಕಳಿಸಿದರು: “ಆ ಬೆಂಕಿಯಲ್ಲಿ ಅವನನ್ನು ನಡೆಸಿದ್ದು ಯಾರು? ಅವನ ಪಾಡಿಗೆ ಕೂತಿದ್ರೆ ಆಗ್ತಿತ್ತು.” ಅವರ ಮೇಲೆ. ಅತ್ತಿಗೆ ಸಿಕ್ಕಿದ ವಿಮಾನ ಹತ್ತಿ ಬಂದು ಚಿಕ್ಕಮ್ಮನ ಮಾತನ್ನೇ ಕಣ್ಣಲ್ಲಿ ಕೇಳುತ್ತಿದ್ದರು; ಅವರ ಮೇಲೂ. ಹಮೀದಾಕ ಆಸ್ಪತ್ರೆಯ ಕಾರಿಡಾರಿನಲ್ಲಿ ಟೋಪಿ ಕೈಯಲ್ಲಿ ಹಿಡಿದು ಕಣ್ಣೀರು ಹಾಕಿದಾಗ, ಯಾರಿಗೂ ಕೇಳಿಸದ ಹಾಗೆ ಅವರ ಮೇಲೇ ಹರಿಹಾಯ್ದೆ.

“ನಾನು ಬೇಡ ಅಂದ್ರೆ ನೀವು ಕೇಳ್ಬೇಕಿತ್ತಾ? ಅಷ್ಟು ಉದ್ದ ಹಾರನ್ ಹೊಡೆದ್ರೂ?”

“ನೀವು ಟೀಚರು ಅಲ್ವಾ” ಎಂದರು. ನಾನು ಕೈ ಆಡಿಸಿದ ಸಂಗತಿಯನ್ನು ಬೇರೆ ಯಾರಿಗೂ ಹೇಳಲಿಲ್ಲ.

ಪರೀಕ್ಷೆಯನ್ನು ನಾನು ಅಕ್ಟೋಬರ್‌ವರೆಗೆ ಮುಂದೂಡಿದೆ. ದಿನಾ ಕಡಲಿನವರೆಗೆ ನಡೆಯುವ ನನಗೇನು ಬಂದೀತು? ಅತ್ತಿಗೆಯ ಒತ್ತಾಯಕ್ಕೆ ರಕ್ತ ಕೊಟ್ಟೆ. ವರದಿ ಬಂತು. ನನ್ನ ಅಂಕಿಯೂ ಅಣ್ಣನ ಅಂಕಿಯೂ ಅಕ್ಕಪಕ್ಕದಲ್ಲಿದ್ದವು. ಅಪ್ಪ ನಮಗಿಬ್ಬರಿಗೂ ಸಮಪಾಲು ಕೊಟ್ಟಿದ್ದರು. ಲ್ಯಾಬಿನ ಹೊರಗೆ ಬಿಸಿಲಿನಲ್ಲಿ ನಿಂತು ಆ ಕಾಗದವನ್ನು ನೋಡುತ್ತಿದ್ದಾಗ ಇನ್ನೊಂದೂ ಹೊಳೆಯಿತು. ಬೆಳಿಗ್ಗೆ ಎದ್ದರೆ ನನ್ನ ಕಾಲು ತಾನಾಗಿ ತುಡಿಯುತ್ತದಲ್ಲ, ಅದನ್ನು ನಾನು ಸಂಪಾದಿಸಿದ್ದೆನೇ? ಅದೂ ಹುಟ್ಟಿನಿಂದ ಬಂದದ್ದೇ ಇರಬೇಕು. ಅವನಿಗೆ ಅದು ಬರಲಿಲ್ಲ. ನನ್ನ ಅದೃಷ್ಟವನ್ನು ಗುಣ ಎಂದುಕೊಂಡು, ಅವನ ದುರದೃಷ್ಟವನ್ನು ದೋಷ ಎಂದುಕೊಂಡು, ಒಂದು ಬೇಸಿಗೆಯಿಡೀ ನಾನು ಅವನಿಗೆ ಪಾಠ ಹೇಳಿದ್ದೆ.

ಮನೆಗೆ ಬಂದಾಗ ಅಣ್ಣ ಸೋಫಾದಲ್ಲಿ ದಿಂಬಿಗೆ ಒರಗಿದ್ದ. ತುಂಬ ಸೊರಗಿದ್ದ. ವರದಿಯನ್ನು ಅವನ ತೊಡೆಯ ಮೇಲೆ ಎಸೆದೆ. ಅವನು ಗಹಗಹಿಸಿ ನಗಲಿ, ಈಗ ಎಂತ ಹೇಳ್ತಿ ಟೀಚರಮ್ಮ ಎನ್ನಲಿ ಎಂದು ಕಾಯುತ್ತಾ ನಿಂತೆ. ಹಾಗೆ ಹೇಳಿದ್ದರೆ ಜಗಳವಾಡಬಹುದಿತ್ತು. ಜಗಳವಾಡಿದ್ದರೆ ಉಸಿರಾಡಬಹುದಿತ್ತು.

ಅವನು ಕನ್ನಡಕ ಹಾಕಿಕೊಂಡು ಓದಿ, ಕಾಗದವನ್ನು ಮಡಚಿ ನನಗೇ ಕೊಟ್ಟ.

“ಹೆದರ್ಬೇಡ. ಗುಳಿಗೆ ಉಂಟಲ್ಲ. ಬೇಗ ಗೊತ್ತಾದದ್ದು ಒಳ್ಳೇದಾಯ್ತು” ಎಂದ. ಕನ್ನಡಕ ತೆಗೆದಿಟ್ಟು, “ಅವತ್ತು ಕೊನೆಗೆ ನಾನು ಸಹ ಹೆದರ್ಲಿಲ್ಲ, ಗೊತ್ತುಂಟಾ? ಮೊದಲು ತುಂಬ ಹೆದರಿಕೆ ಆಯ್ತು. ಕೈ ಎತ್ತಲಿಕ್ಕೆ ಆಗುದಿಲ್ಲ, ಬಾಗಿಲು ತೆಗಿಲಿಕ್ಕೆ ಆಗುದಿಲ್ಲ. ಆಗ ಕಿಟಕಿಯಲ್ಲಿ ನೀನು ಕಂಡಿ. ಹಮೀದಾಕನಿಗೆ ಕೈ ಆಡಿಸಿ ಹೋಗಿ ಹೋಗಿ ಅಂತ ಹೇಳ್ತಾ ಇದ್ದಿ. ತಂಗಿ ನೋಡಿದ್ಳು, ಇನ್ನು ತೊಂದರೆ ಇಲ್ಲ ಅಂತ ಕಣ್ಣು ಮುಚ್ಚಿದೆ” ಎಂದ.

ಅಡುಗೆಮನೆಯಲ್ಲಿ ಅತ್ತಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಸುಮ್ಮನಿರಬಹುದಿತ್ತು. ನನಗೆ ಸುಮ್ಮನಿರಲು ಬರುವುದಿಲ್ಲ.

“ಹೋಗಿ ಅಂದದ್ದಲ್ಲ ಅಣ್ಣ. ಹೋಗ್ಬೇಡಿ ಅಂದದ್ದು. ಹಾರನ್‌ಗೆ ಬರ್ಬೇಡಿ ಅಂತ ರಜೆ ಸುರುವಾದಾಗ್ಲೇ ನಾನು ಹಮೀದಾಕನಿಗೆ ಹೇಳಿ ಇಟ್ಟಿದ್ದೆ. ನಿನ್ನನ್ನು ನಡೆಸ್ಲಿಕ್ಕೆ.”

ಅವನು ಬೈಯಲಿಲ್ಲ. ದನಿ ಏರಿಸುವುದು ಅವನಿಗೆ ನಿಷೇಧವಾಗಿತ್ತು, ಬೈಯುವಂತಿದ್ದರೂ ಬೈಯುತ್ತಿರಲಿಲ್ಲವೇನೋ. ದಿಂಬನ್ನು ಸರಿಮಾಡಿಕೊಂಡು ಗೋಡೆಯ ಕಡೆಗೆ ತಿರುಗುತ್ತಾ ಹೇಳಿದ:

“ಅದನ್ನು ಹೇಳ್ದೆ ಇರ್ಲಿಕ್ಕೆ ಆಗ್ತಿರ್ಲಿಲ್ವಾ ನಿನಗೆ? ಆ ಸಂಜೆಯದ್ದು ಒಳ್ಳೇದು ಅಂತ ನನ್ನ ಹತ್ರ ಇದ್ದದ್ದು ಅದೊಂದೇ.”